ಹತ್ತು ನಿಮಿಷಕ್ಕೊಮ್ಮೆ ಗೌರಮ್ಮ

ಪ್ರಪಂಚದಲ್ಲಿ ಅತ್ತೆಯನ್ನು ಕೆಲಸಕ್ಕೆ ಹಚ್ಚಿದ ಸೊಸೆಯರು ಎಷ್ಟು ಮಂದಿ ಇದ್ದಾರೋ ಗೊತ್ತಿಲ್ಲ. ಇದ್ದರೂ ಬಾಯಿಬಿಟ್ಟು ಹೇಳುವ ಧೈರ್ಯ ಅವರಿಗಿರಲಾರದು. ನನಗಿದೆ. ನನ್ನ ಅತ್ತೆ ಗೌರಮ್ಮನವರನ್ನು ನಾನು ಹತ್ತು ನಿಮಿಷಕ್ಕೊಮ್ಮೆ, ಹಬ್ಬ ಹರಿದಿನ ನೋಡದೆ, ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಊರುಗಳಲ್ಲಿ ಒಟ್ಟೊಟ್ಟಿಗೆ ದುಡಿಸುತ್ತಿದ್ದೇನೆ. ಅವರಿಗೆ ಸಂಬಳವಿಲ್ಲ, ರಜೆಯಿಲ್ಲ, ನಡುವೆ ಒಂದು ಲೋಟ ಕಾಫಿಯೂ ಇಲ್ಲ. ಮೊನ್ನೆಯವರೆಗೆ ಈ ವಿಷಯ ಅವರಿಗೇ ಗೊತ್ತಿರಲಿಲ್ಲ. ತಮ್ಮ ಪಾಡಿಗೆ ತಾವು ಗುಬ್ಬಿಯಲ್ಲಿ ನನ್ನ ಭಾವನವರ ಮನೆಯ ಜಗುಲಿಯ ಮೇಲೆ ಕೂತು, ಅವರೆಕಾಯಿ ಬಿಡಿಸುತ್ತಾ, ಆ ಮನೆಯ ಆರು ಮಂದಿಯನ್ನೂ ಅಕ್ಕಪಕ್ಕದ ಮೂರು ಮನೆಗಳನ್ನೂ ಕೂತಲ್ಲಿಂದಲೇ ನಡೆಸುತ್ತಿದ್ದರು.

ಇದು ಸೇಡಿನ ಕತೆ ಎಂದುಕೊಳ್ಳಬೇಡಿ. ಹಾಗೆಂದು ಸೇಡಿಗೆ ಕಾರಣವೇ ಇರಲಿಲ್ಲ ಎಂದರೆ ಅದೂ ಸುಳ್ಳಾದೀತು. ನನಗೆ ಮದುವೆಯಾಗಿ ಇಪ್ಪತ್ತೊಂದು ವರ್ಷವಾಯಿತು. ಮದುವೆಯಾದ ತಿಂಗಳಲ್ಲೇ ತುಮಕೂರಿನಲ್ಲಿ ಬೇರೆ ಮನೆ ಮಾಡಿದೆವು. ಅದರ ಮಾರನೆಯ ದಿನದಿಂದ ಇಂದಿನವರೆಗೆ ದಿನಾ ಬೆಳಗ್ಗೆ ಏಳು ಗಂಟೆಗೆ ಸರಿಯಾಗಿ ಗುಬ್ಬಿಯಿಂದ ಫೋನು ಬರುತ್ತದೆ. “ಏನೇ ಸುಮಾ, ತಿಂಡಿ ಏನ್ ಮಾಡ್ದೆ?” ನಾನು “ಉಪ್ಪಿಟ್ಟು ಅತ್ತೆ” ಎನ್ನುತ್ತೇನೆ. “ಸರಿ, ಇಡ್ತೀನಿ” ಎನ್ನುತ್ತಾರೆ. ಮುಗಿಯಿತು. ಉಪ್ಪಿಟ್ಟಿಗೆ ಏನು ಹಾಕಿದೆ ಎಂದಿಲ್ಲ, ಮಗ ತಿಂದನೇ ಎಂದಿಲ್ಲ. ನಾಲ್ಕನೇ ರಿಂಗಿನ ತನಕ ನಾನು ಫೋನು ಎತ್ತದಿದ್ದರೆ ಮಾತ್ರ “ಎಲ್ಲಿಗ್ ಹೋಗಿದ್ದೆ?” ಎಂಬ ಹೆಚ್ಚುವರಿ ಪ್ರಶ್ನೆ. ಒಮ್ಮೆ ನಾನು “ದೋಸೆ” ಎಂದಿದ್ದಕ್ಕೆ ಒಂಬತ್ತೂವರೆಗೆಲ್ಲ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವತ್ತು ನನಗೆ ಜ್ವರ, ಒಲೆಯನ್ನೇ ಹಚ್ಚಿರಲಿಲ್ಲ, ದೋಸೆ ಎಂದಿದ್ದು ಶುದ್ಧ ಸುಳ್ಳು. ಸುಳ್ಳು ಹಿಡಿಯಲೆಂದೇ ಬಸ್ಸು ಹತ್ತಿ ಬಂದರಲ್ಲ ಎಂದು ಕಂಬಳಿಯೊಳಗೆ ಹಲ್ಲು ಕಡಿದೆ. ಅವರು ಒಂದು ಮಾತೂ ಆಡದೆ ಗಂಜಿ ಕಾಯಿಸಿಟ್ಟು ಸಂಜೆ ಬಸ್ಸಿಗೆ ಹೊರಟುಹೋದರು.

ಇರಲಿ, ಆಫೀಸಿನ ವಿಷಯಕ್ಕೆ ಬರುತ್ತೇನೆ. ಮರಳೂರಿನಲ್ಲಿ ನಮ್ಮದೊಂದು ಎರಡು ಕೋಣೆಯ ಆಫೀಸು. ಕೆಳಗೆ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ, ಮೇಲೆ ನಾವು. ಎರಡಕ್ಕೂ ಯಜಮಾನರು ರುದ್ರಪ್ಪನವರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಜೇಬಿನಲ್ಲಿ ಮೂರು ಪೆನ್ನು, ಕಂಪ್ಯೂಟರಿನ ಮೇಲೆ ಮೂರು ಕಾಸಿನ ನಂಬಿಕೆಯಿಲ್ಲ. ಪಾತ್ರೆ ಕೇಳಲು ಬಂದವರು “ಛತ್ರ ಯಾವ್ದಾದ್ರೂ ಖಾಲಿ ಇದ್ಯಾ ಸ್ವಾಮಿ?” ಎಂದು ಕೇಳುತ್ತಿದ್ದರಂತೆ. ಹಾಗೆ ಕೇಳಿ ಕೇಳಿ, ಮೂರು ತಾಲ್ಲೂಕಿನ ಮೂವತ್ತು ಛತ್ರಗಳ ಬುಕಿಂಗು ಇವರ ಕೈಗೆ ಬಂತು. ಅದನ್ನೆಲ್ಲ ಬರೆಯಲು ಕೆಂಪು ಬಟ್ಟೆ ಸುತ್ತಿದ ಒಂದು ಭಾರಿ ರಿಜಿಸ್ಟರು. ಅದನ್ನು ಬರೆಯಲು ನಾನು.

ಆರು ವರ್ಷ ಬರೆದೆ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರು. ಅಕ್ಷರ ದುಂಡಗಿದ್ದರೆ ಸಾಲದು ಎನ್ನುವುದು ಗುಬ್ಬಿಯ ಒಂದೇ ಛತ್ರದ ಬಾಗಿಲಿಗೆ ಒಂದೇ ಬೆಳಗ್ಗೆ ಎರಡು ದಿಬ್ಬಣ ಬಂದು ನಿಂತಾಗ ತಿಳಿಯಿತು. ಎರಡು ವಾಲಗ, ಎರಡು ಮದುಮಕ್ಕಳ ಕಾರು, ಎರಡು ಸೆಟ್ ಬೀಗರು. ನಾನು ಎರಡು ಬೇರೆ ಬೇರೆ ಪುಟದಲ್ಲಿ, ಅಷ್ಟೇ ದುಂಡಗೆ, ಇಬ್ಬರಿಗೂ ಅದೇ ದಿನವನ್ನು ಬರೆದುಕೊಟ್ಟಿದ್ದೆ. ಅವತ್ತು ನಾನು ಕೆಳಗಿನ ಅಂಗಡಿಯಲ್ಲಿ ಒಂದರ ಮೇಲೊಂದು ಜೋಡಿಸಿದ ಕುರ್ಚಿಗಳ ಹಿಂದೆ ಮಧ್ಯಾಹ್ನದವರೆಗೆ ಅಡಗಿ ಕೂತಿದ್ದೆ. ಹೊರಗೆ ಬಂದವಳೇ ಯಜಮಾನರಿಗೆ ವೆಬ್‌ಸೈಟಿನ ವಿಷಯ ಹೇಳಿದೆ. ತಪ್ಪು ಮಾಡಿದವರ ಮಾತಿನಲ್ಲಿ ಒಂದು ಬಿಸಿ ಇರುತ್ತದೆ. ಅವರು ಒಪ್ಪಿಬಿಟ್ಟರು. ರಿಜಿಸ್ಟರು ಶಿವನ ಫೋಟೋದ ಕೆಳಗಿನ ಹಲಗೆಯ ಮೇಲೆ ಹೋಗಿ ಕೂತಿತು. ಅದರ ಬಟ್ಟೆಗೂ ದಿನಾ ಒಂದು ಹೂವು ಬೀಳುತ್ತಿತ್ತು. ಯಜಮಾನರು ಅದನ್ನು ಮರೆತಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಸೈಟು ಕಟ್ಟಿದವಳು ನಾಗವೇಣಿ. ಮೊದಲು ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು. ಮಾತು ಕಡಿಮೆ, ಕೆಲಸ ಚುರುಕು, ಕೋಪ ಬಂದರೆ ಉಗುರು ಕಚ್ಚುತ್ತಾಳೆ. ಮೊದಲ ವಾರವೇ ನನಗೆ ಹೇಳಿದಳು. “ಅಕ್ಕಾ, ಸೈಟ್ ಬಿದ್ದೋಗಿರೋದು ಗಿರಾಕಿ ಬೈದ್ಮೇಲೆ ನಮಗೆ ಗೊತ್ತಾಗ್ಬಾರ್ದು. ಬೈಯೋಕ್ ಮುಂಚೆ ಗೊತ್ತಾಗ್ಬೇಕು. ನಾವೇ ಒಬ್ಬ ಗಿರಾಕೀನ ಮಾಡ್ಬಿಡೋಣ.”

ಗಿರಾಕಿಯನ್ನು ಮಾಡುವುದೆಂದರೆ ಕಂಪ್ಯೂಟರಿನೊಳಗೇ ಒಬ್ಬ ಸುಳ್ಳು ಮನುಷ್ಯನನ್ನು ಸೃಷ್ಟಿಸುವುದು. ಅಂಗಡಿ ತೆರೆದಿದೆಯೇ, ಸಾಮಾನು ಸಿಗುತ್ತಿದೆಯೇ, ಎಷ್ಟು ಹೊತ್ತು ಕಾಯಿಸುತ್ತಾರೆ ಎಂದು ತಿಳಿಯಲು ಮನೆಯವರನ್ನೇ ಬೆಂಕಿಪೊಟ್ಟಣಕ್ಕೆ ಕಳಿಸಿ ನೋಡಿದ ಹಾಗೆ. ಅವನು ಹತ್ತು ನಿಮಿಷಕ್ಕೊಮ್ಮೆ ಸೈಟಿಗೆ ಹೋಗಿ, ಛತ್ರ ಹುಡುಕಿ, ಬುಕ್ ಮಾಡಿ, ತಕ್ಷಣ ರದ್ದು ಮಾಡಿ ಬರುತ್ತಾನೆ. ಹೋದ ಕೆಲಸ ಬೇಗ ಆದರೆ ಗೋಡೆಯ ಮೇಲಿನ ಟಿವಿಯಲ್ಲಿ ಹಸಿರು ಚುಕ್ಕೆ, ತಡವಾದರೆ ಹಳದಿ, ಆಗದಿದ್ದರೆ ಕೆಂಪು. ಅವನಿಗೆ ಟೆಸ್ಟಪ್ಪ ಎಂದು ನಾಮಕರಣ ಮಾಡಿದೆವು. ಅವನು ಯಾವ ದಿನಕ್ಕೆ ಛತ್ರ ಬುಕ್ ಮಾಡಬೇಕು ಎಂಬ ಪ್ರಶ್ನೆ ಬಂತು. ಒಳ್ಳೆಯ ಮುಹೂರ್ತದ ದಿನ ಕೊಟ್ಟರೆ, ಅವನು ರದ್ದು ಮಾಡುವಷ್ಟರಲ್ಲಿ ನಿಜವಾದ ಗಿರಾಕಿ ಬಂದು ಖಾಲಿ ಇಲ್ಲವೆಂದು ಹೊರಟುಹೋದಾನು. ಆಗ ನನ್ನ ತಲೆ ಓಡಿತು. “ಭೀಮನ ಅಮಾವಾಸ್ಯೆಗೆ ಮಾಡಿಸು ನಾಗವೇಣಿ” ಎಂದೆ. ಒಂದು ಕಡೆ ಆಷಾಢ, ಇನ್ನೊಂದು ಕಡೆ ಅಮಾವಾಸ್ಯೆ, ಅದರ ಮೇಲೆ ಹೆಂಗಸರೆಲ್ಲ ಇರುವ ಗಂಡನ ಪಾದಪೂಜೆಯಲ್ಲಿ ಮಗ್ನರಾಗಿರುವ ದಿನ. ಹೊಸ ಗಂಡನನ್ನು ತರುವ ಯೋಚನೆ ಯಾರಿಗೂ ಬರುವುದಿಲ್ಲ. ನನ್ನ ಬುದ್ಧಿಗೆ ನಾನೇ ಬೆರಗಾಗಿ ಅವತ್ತು ಮಧ್ಯಾಹ್ನ ಒಂದು ತಟ್ಟೆ ಇಡ್ಲಿ ಹೆಚ್ಚಿಗೆ ತಿಂದೆ.

ಹೀಗೆ ಟೆಸ್ಟಪ್ಪ ದಿನಕ್ಕೆ ನೂರಾ ನಲವತ್ತನಾಲ್ಕು ಸಲ ಭೀಮನ ಅಮಾವಾಸ್ಯೆಯಂದು ಮದುವೆಯಾಗುತ್ತಾ, ಮದುವೆ ಮುರಿದುಕೊಳ್ಳುತ್ತಾ ಬಂದ. ಗೋಡೆ ಹಸಿರೋ ಹಸಿರು. ಬಂದವರಿಗೆಲ್ಲ ನಾನು ಟಿವಿ ತೋರಿಸುತ್ತಿದ್ದೆ.

ನಮ್ಮಲ್ಲಿ ಬುಕಿಂಗು ತೆರೆಯುವುದು ಕಂತು ಕಂತಾಗಿ. ಜೋಯಿಸರು ಮುಹೂರ್ತದ ಪಟ್ಟಿ ಕೊಟ್ಟ ಮೇಲೆ ಒಂದು ಸೋಮವಾರ ಬೆಳಗ್ಗೆ ಆ ಕಾಲದ ದಿನಗಳನ್ನೆಲ್ಲ ಒಟ್ಟಿಗೆ ಬಿಡುತ್ತೇವೆ. ಕಾರ್ತಿಕದ ಮುಹೂರ್ತಗಳನ್ನು ಬಿಡುವ ದಿನ ನಾಗವೇಣಿ ಬೆಳಗ್ಗೆ ಎಂಟು ಗಂಟೆ ಎಂದು ಇಟ್ಟಿದ್ದಳು. ಎಂಟಕ್ಕೆ ತೆರೆಯಿತು. ಗೋಡೆ ಹಸಿರು. ಒಂಬತ್ತು, ಹತ್ತು, ಹನ್ನೆರಡು, ಎಲ್ಲ ಹಸಿರು. ಫೋನುಗಳು ಮಾತ್ರ ಬಡಿದುಕೊಳ್ಳಲು ಶುರು ಮಾಡಿದವು. ಜನಕ್ಕೆ ಮೊಬೈಲ್ ಬಳಸಲು ಬರುವುದಿಲ್ಲ ಎಂದು ನಾನು ಯಜಮಾನರಿಗೆ ಸಮಾಧಾನ ಹೇಳಿದೆ.

ಮಾರನೆಯ ದಿನ ಮೆಟ್ಟಿಲು ಹತ್ತಿ ಬಂದವರು ಮಾರ್ಕೋನಹಳ್ಳಿಯ ಕೆಂಪಣ್ಣ. ಡ್ಯಾಮಿನ ಕೆಳಗೆ ಗದ್ದೆ ಮಾಡುವವರು. ಹೆಗಲ ಮೇಲೆ ಟವೆಲು, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿ ಸುತ್ತಿಟ್ಟ ಮೊಬೈಲು. ಮಗಳ ಮದುವೆಗೆ ಕುಣಿಗಲ್ಲಿನ ಛತ್ರ ಬೇಕಿತ್ತು.

“ಸಿಗ್ನಲ್ ಸಿಕ್ಲಿ ಅಂತ ಏರಿ ಮ್ಯಾಲ್ ನಿಂತ್ಕಂಡು ಎಂಟ್ ಗಂಟೆಗೇ ಎಲ್ಲಾ ತುಂಬ್ಸಿ ಇಕ್ಕಂಡಿದ್ದೆ ಕಣವ್ವ. ಒಂಬತ್ಕೆ ಒತ್ತುದ್ರೆ, ನೀನ್ಯಾರು ಅಂತ ಕೇಳ್ತು. ನಂಬರ್ ಕೊಟ್ಟೆ. ಒಟಿಪಿ ಕಳ್ಸೀನಿ ಅಂತು. ಅದು ಬಂದಿದ್ದು ಹನ್ನೆಲ್ಡ್ ಗಂಟೆಗೆ. ಅಷ್ಟೊತ್ಗೆ ಛತ್ರ ಯಾರ್ದೋ ಪಾಲಾಗಿತ್ತು.”

ನಾನು ಗೋಡೆಯ ಕಡೆ ಕೈ ತೋರಿಸಿ, “ನೋಡಿ, ನಿನ್ನೆಯೆಲ್ಲ ಹಸಿರೇ ಇದೆಯಲ್ಲ” ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕೆಂಪಣ್ಣ ಟಿವಿಯನ್ನು ಬಹಳ ಹೊತ್ತು ನೋಡಿದರು. “ಹಸ್ರಾಗೈತೆ, ಚೆಂದಾಗೈತೆ. ನನ್ ಮಗ್ಳ ಮದ್ವೆ ಇದ್ರಾಗ್ ಆಯ್ತದಾ? ಗಂಡಿನ್ ಕಡೆಯೋರ್ ಕೈ ಕಾಲ್ ಹಿಡ್ದು ಮಾಘಕ್ಕೆ ಒಪ್ಸಿವ್ನಿ. ಅದೂ ತಪ್ಪುದ್ರೆ ಅವ್ರು ಬ್ಯಾರೆ ಕಡೆ ನೋಡ್ಕತಾರೆ” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ನನಗೆ ಏನಾಯಿತೋ, “ಮಾಘದ ಛತ್ರ ನನ್ನ ಜವಾಬ್ದಾರಿ ಕೆಂಪಣ್ಣ” ಎಂದುಬಿಟ್ಟೆ.

ಅವರು ಇಳಿದುಹೋದ ಮೇಲೆ ಯಜಮಾನರು ಎದ್ದು, ಶಿವನ ಫೋಟೋದ ಕೆಳಗಿನ ಹಲಗೆಯಿಂದ ರಿಜಿಸ್ಟರು ಇಳಿಸಿ, ಧೂಳು ಹೊಡೆದು, ನನ್ನ ಮೇಜಿನ ಮೇಲಿಟ್ಟರು. “ಸುಮಾ, ಕೋಪ ಮಾಡ್ಕೊಂಡು ಹೇಳ್ತಿಲ್ಲಮ್ಮ. ಮಾಘದ್ದೂ ಹಿಂಗೇ ಆದ್ರೆ ಈ ಟೀವಿ ತೆಗೆದು ಕೆಳಗಡೆ ಸೀರಿಯಲ್ ಹಾಕ್ಕೊಡ್ತೀನಿ. ನೀನು ಇದನ್ನ ಬರಿ. ಆ ನಾಗವೇಣಿಗೆ ಬೇರೆ ಕಡೆ ನೋಡ್ಕೊಳ್ಳೋಕೆ ಹೇಳು” ಎಂದರು. ನಾಗವೇಣಿ ಉಗುರು ಕಚ್ಚುತ್ತಾ ಕಿಟಕಿಯ ಕಡೆ ತಿರುಗಿದಳು. ನಾನು ಆ ಕೆಂಪು ಬಟ್ಟೆಯನ್ನು ನೋಡಿದೆ. ಎರಡು ವಾಲಗದ ಸದ್ದು ಕಿವಿಯಲ್ಲಿ ಮತ್ತೆ ಕೇಳಿಸಿತು.

ತಪ್ಪು ಎಲ್ಲಿದೆ ಎಂದು ವಾರವಿಡೀ ಹುಡುಕಿದೆವು. ಸಿಗಲಿಲ್ಲ. ನಾವು ಹೋದಾಗಲೆಲ್ಲ ಸೈಟು ನೆಟ್ಟಗೇ ಇತ್ತು, ಟೆಸ್ಟಪ್ಪ ಹೋದಾಗಲೂ ನೆಟ್ಟಗೇ ಇತ್ತು. ಸೋತು ಸುಣ್ಣವಾಗಿ ಭಾನುವಾರ ಗುಬ್ಬಿಗೆ ಹೋದೆ. ಅಲ್ಲಿ ಅತ್ತೆ ಕನ್ನಡಕ ಏರಿಸಿಕೊಂಡು ಜಗುಲಿಯ ಮೇಲೆ ಸಿದ್ಧವಾಗಿ ಕೂತಿದ್ದರು. ಅವರ ತಮ್ಮನ ಮೊಮ್ಮಗಳ ತೊಟ್ಟಿಲಶಾಸ್ತ್ರಕ್ಕೆ ಒಂದು ಸಣ್ಣ ಛತ್ರ ಬೇಕಿತ್ತು. “ನನ್ ಸೊಸೆ ಆಫೀಸಿಂದೇ ಐತಲ್ಲ, ನಾನೇ ಮೊಬೈಲಲ್ಲಿ ಮಾಡ್ತೀನಿ, ನೀನ್ ಬಾಯ್ ಹಾಕ್ಬೇಡ” ಎಂದರು. ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಎಳೆದುಕೊಂಡೆ.

ಟೆಸ್ಟಪ್ಪ ಎಂಟು ಸೆಕೆಂಡಿನಲ್ಲಿ ಮುಗಿಸುವ ಕೆಲಸವನ್ನು ಅತ್ತೆ ಶುರು ಮಾಡಿದ್ದು ಸಂಜೆ ನಾಲ್ಕೂವರೆಗೆ. ಛತ್ರದ ಮುಂಭಾಗದ ಫೋಟೋ ನೋಡಲೇ ಇಲ್ಲ, ನೇರ ಊಟದ ಹಾಲಿನ ಫೋಟೋಗೆ ಹೋದರು. ಒಂದು ಪಂಕ್ತಿಗೆ ಎಷ್ಟು ಜನ ಕೂರುತ್ತಾರೆ ಎಂದು ಬೆರಳಿಟ್ಟು ಎಣಿಸಿದರು. ಎಣಿಕೆ ತಪ್ಪಿತು, ಮತ್ತೆ ಎಣಿಸಿದರು. ಕೈತೊಳೆಯುವ ಜಾಗ ಎಲ್ಲಿದೆ ಎಂದು ಹಿಂದಕ್ಕೆ ಹೋದರು. ಹಿಂದಕ್ಕೆ ಹೋದವರು ಬೇರೆ ಛತ್ರಕ್ಕೆ ಹೋಗಿ, “ಥೂ, ಇಲ್ಲಿ ನಿಂಗಪ್ಪನ್ ಮಗನ್ ಮದ್ವೇಲಿ ಸಾರು ನೀರ್ ನೀರಾಗಿತ್ತು” ಎಂದು ವಾಪಸು ಬಂದರು. ನಡುವೆ ತಮ್ಮನ ಹೆಂಡತಿ ಫೋನು ಮಾಡಿದಳು, ಹದಿನೈದು ನಿಮಿಷ. ಹಾಲು ಉಕ್ಕಿತು, ಐದು ನಿಮಿಷ. ಬಂದು ನೋಡಿದರೆ ಸೈಟು ಅವರನ್ನು ಮರೆತಿತ್ತು. ಮೊಬೈಲ್ ನಂಬರು ಕೇಳಿತು. ಕೊಟ್ಟರು. ಒಟಿಪಿ ಬಂತು. ಅದನ್ನು ನೋಡಲು ಮೆಸೇಜಿಗೆ ಹೋದರು. ನೋಡಿಕೊಂಡು ಬರುವಷ್ಟರಲ್ಲಿ ಪುಟ ಮೊದಲಿನಿಂದ ಶುರುವಾಗಿ ಮತ್ತೆ ನಂಬರು ಕೇಳುತ್ತಾ ನಿಂತಿತ್ತು.

“ಇದ್ಯಾಕೆ ಹಿಂಗೆ? ನಾನು ಗೌರಮ್ಮ ಅಂತ ಈಗಿನ್ನೂ ಹೇಳ್ಲಿಲ್ವೇನೇ ಇದ್ಕೆ?” ಎಂದು ಅತ್ತೆ ಮೊಬೈಲನ್ನೇ ಗದರಿಸಿದರು. ಮೂರನೇ ಸಲ ಒಟಿಪಿ ಪರದೆಯ ಮೇಲ್ತುದಿಯಲ್ಲಿ ಮಿಂಚಿದ ಕೂಡಲೇ ಅದನ್ನು ಅವರೆಕಾಯಿ ಸಿಪ್ಪೆಯ ಪಕ್ಕದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು ಗೆದ್ದರು. ಎಲ್ಲ ಆಯಿತು. ಕೊನೆಯ ಬಟನ್ನು ಬಂತು. ಬೆರಳು ಮುಂದೆ ಹೋಯಿತು. ಗಡಿಯಾರ ನೋಡಿದರು. ಮೊಬೈಲನ್ನು ಬೋರಲಾಗಿ ಮೊರದ ಮೇಲಿಟ್ಟು ಅವರೆಕಾಯಿಗೆ ಕೈ ಹಾಕಿದರು.

“ಒತ್ತಿ ಅತ್ತೆ” ಎಂದೆ.

“ನಿಂಗೇನ್ ಬುದ್ಧಿ ಐತೇನೇ? ಭಾನುವಾರ ಆರ್ ಗಂಟೆ ಗಂಟ ರಾಹುಕಾಲ. ಆ ಮಗೀನ ತೊಟ್ಲು ರಾಹುಕಾಲದಲ್ಲಿ ಕಟ್ತಾರಾ? ಆರ್ ಆಗ್ಲಿ ಬುಡು.”

ನನ್ನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. ಭಾನುವಾರ ಆರು ಗಂಟೆ. ಹಾಗಾದರೆ ಸೋಮವಾರ? ಏಳೂವರೆಯಿಂದ ಒಂಬತ್ತು. ನಾವು ಬುಕಿಂಗು ತೆರೆದದ್ದು ಎಂಟಕ್ಕೆ! ಮೂರು ತಾಲ್ಲೂಕಿನ ಮದುವೆ ಮನೆಯವರೆಲ್ಲ ಎಂಟಕ್ಕೇ ಬಂದು, ಎಲ್ಲ ತುಂಬಿಸಿ, ಕೊನೆಯ ಬಟನ್ನಿನ ಮೇಲೆ ಬೆರಳಿಟ್ಟುಕೊಂಡು, ರಾಹುಕಾಲ ಕಳೆಯಲಿ ಎಂದು ಉಸಿರು ಹಿಡಿದು ಕೂತಿದ್ದಾರೆ. ಕಾಯುವವರನ್ನು ಸೈಟು ಹತ್ತೇ ನಿಮಿಷಕ್ಕೆ ಮರೆತಿದೆ. ಒಂಬತ್ತು ಹೊಡೆದದ್ದೇ ಎಲ್ಲರೂ ಒಟ್ಟಿಗೆ ಒತ್ತಿದ್ದಾರೆ. ಸೈಟು ಎಲ್ಲರನ್ನೂ ಒಟ್ಟಿಗೆ ನೀನ್ಯಾರು ಎಂದು ಕೇಳಿದೆ. ಎಲ್ಲರಿಗೂ ಒಟ್ಟಿಗೆ ಒಟಿಪಿ ಕಳಿಸಲು ಹೋಗಿ ಉಸಿರುಗಟ್ಟಿ ಬಿದ್ದಿದೆ. ಆ ಗದ್ದಲದ ನಡುವೆ ಟೆಸ್ಟಪ್ಪ ಒಬ್ಬನೇ, ಮನೆಯವನೆಂದು ನಾವು ಕೊಟ್ಟ ಹಿಂಬಾಗಿಲಿನಿಂದ ಒಟಿಪಿ ಇಲ್ಲದೆ ನುಗ್ಗಿ, ಯಾರೂ ತಿರುಗಿ ನೋಡದ ಭೀಮನ ಅಮಾವಾಸ್ಯೆಗೆ ಛತ್ರ ಹಿಡಿದು, ಎಲ್ಲ ಚೆನ್ನಾಗಿದೆ ಎಂದು ವರದಿ ಕೊಟ್ಟಿದ್ದಾನೆ. ಎಂಟು ಗಂಟೆ ಎಂದು ಇಟ್ಟ ನಾಗವೇಣಿಯನ್ನು ಬೈಯೋಣವೆಂದರೆ, ಅದಕ್ಕೆ ತಲೆಯಾಡಿಸಿದವಳು ನಾನು. ಮನೆಯಲ್ಲಿ ಉಪ್ಪಿನಕಾಯಿ ಜಾಡಿ ತೆರೆಯುವುದಕ್ಕೂ ರಾಹುಕಾಲ ನೋಡುವವಳು ಆಫೀಸಿನ ಮೆಟ್ಟಿಲು ಹತ್ತುವಾಗ ಆ ಬುದ್ಧಿಯನ್ನು ಚಪ್ಪಲಿಯ ಜೊತೆ ಕೆಳಗೇ ಬಿಟ್ಟು ಹೋಗಿದ್ದೆ.

ಆರು ಗಂಟೆಗೆ ಅತ್ತೆ ಮೊಬೈಲು ಎತ್ತಿಕೊಂಡು ದೇವರ ಮನೆಯ ಕಡೆ ಮುಖ ಮಾಡಿ ಒತ್ತಿದರು. ಸೈಟು ಮತ್ತೆ ನಂಬರು ಕೇಳಿತು. ಅವರು ಏನೆಂದರು ಎನ್ನುವುದನ್ನು ಇಲ್ಲಿ ಬರೆಯಲಾಗುವುದಿಲ್ಲ. ನಾನು ಮಾತ್ರ ಒಂದು ಹಳೆಯ ಲಗ್ನಪತ್ರಿಕೆಯ ಹಿಂದೆ ಅವರು ಮಾಡಿದ್ದನ್ನೆಲ್ಲ ಒಂದೂ ಬಿಡದೆ ಗುಟ್ಟಾಗಿ ಬರೆದುಕೊಂಡಿದ್ದೆ.

ಸೋಮವಾರ ಆ ಲಗ್ನಪತ್ರಿಕೆಯನ್ನು ನಾಗವೇಣಿಯ ಮುಂದಿಟ್ಟೆ. ಅವಳು ಓದಿ, ಉಗುರನ್ನು ಬಾಯಿಂದ ತೆಗೆದು, “ಅಕ್ಕಾ, ಟೆಸ್ಟಪ್ಪನ್ನ ಸಾಯಿಸ್ಬಿಡೋಣ” ಎಂದಳು. ಅವನ ಜಾಗಕ್ಕೆ ಗೌರಮ್ಮ ಹುಟ್ಟಿದಳು. ಕಂಪ್ಯೂಟರಿಗೆ ವೇಗ ಕಲಿಸುವುದು ಸುಲಭ, ನಿಧಾನ ಕಲಿಸುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಈಗ ಹಿಂದಕ್ಕೆ ಹೋಗು, ಈಗ ಊಟದ ಹಾಲನ್ನು ಎರಡು ಸಲ ನೋಡು, ಈಗ ಹಾಲು ಉಕ್ಕಿತು, ಸುಮ್ಮನಿರು, ಈಗ ಮೆಸೇಜಿಗೆ ಹೋಗಿ ಒಟಿಪಿ ನೋಡಿಕೊಂಡು ಬಾ, ಈಗ ರಾಹುಕಾಲ, ಕಾಯಿ. ನಾನು ಒಂದೊಂದೇ ಹೇಳುತ್ತಿದ್ದೆ, ಅವಳು ಬರೆಯುತ್ತಿದ್ದಳು. ಅತ್ತೆಗೆ ನಾನು ಏನು ಮಾಡಬೇಕೆಂದು ಹೇಳುವ ಅವಕಾಶ ಇಪ್ಪತ್ತೊಂದು ವರ್ಷದಲ್ಲಿ ಇದೇ ಮೊದಲು. ಬೇಡವೆಂದರೂ ಖುಷಿಯಾಗುತ್ತಿತ್ತು. ಅಷ್ಟು ಉದ್ದದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯದು. ಆದ್ದರಿಂದ ಒಬ್ಬಳು ಗೌರಮ್ಮ ಕಾಯುತ್ತಿರುವಾಗಲೇ ಹತ್ತು ನಿಮಿಷಕ್ಕೊಬ್ಬಳು ಹೊಸ ಗೌರಮ್ಮ ಹೊರಡುವಂತೆ ಮಾಡಿದೆವು.

ಗೌರಮ್ಮ ಓಡಾಡುವುದು ನಮ್ಮ ಆಫೀಸಿನ ಒಳ್ಳೆಯ ಇಂಟರ್‌ನೆಟ್ಟಿನಿಂದಲ್ಲ. ಅಗ್ಗದ ಮೂರು ಮೊಬೈಲು ತಂದು, ಒಂದನ್ನು ಮರಳೂರಿನಲ್ಲಿ, ಒಂದನ್ನು ಗುಬ್ಬಿಯ ನಮ್ಮ ಪಾತ್ರೆ ಗೋಡೌನಿನಲ್ಲಿ, ಇನ್ನೊಂದನ್ನು ಕುಣಿಗಲ್ಲಿನ ಒಂದು ಛತ್ರದ ಆಫೀಸಿನಲ್ಲಿ ಇಟ್ಟೆವು. ಬೇಕೆಂದೇ ಸಿಗ್ನಲ್ ಕಡಿಮೆ ಇರುವ ಮೂಲೆ ಹುಡುಕಿದೆವು. ಆಷಾಢವನ್ನು ಕೈಬಿಟ್ಟು ಒಳ್ಳೊಳ್ಳೆಯ ಮುಹೂರ್ತದ ದಿನಗಳನ್ನೇ ಕೊಟ್ಟೆವು. ನಿಜವಾದ ಗಿರಾಕಿಗಳ ಛತ್ರಕ್ಕೆ ಅಡ್ಡ ಬರಬಾರದೆಂದು, ಯಾರಿಗೂ ಕಾಣದ ಒಂದು ಸುಳ್ಳು ಛತ್ರವನ್ನು ಸೈಟಿನೊಳಗೆ ಕಟ್ಟಿದೆವು. ಗೌರಮ್ಮ ಮೂವತ್ತು ಛತ್ರ ಸುತ್ತಿ, ಎಲ್ಲದಕ್ಕೂ ಮೂಗು ಮುರಿದು, ಕೊನೆಗೆ ಇಲ್ಲದ ಛತ್ರವನ್ನು ಒಪ್ಪಿಕೊಳ್ಳುತ್ತಾಳೆ. ಇದನ್ನು ಮಾತ್ರ ನಾವು ಕಲಿಸಬೇಕಾಗಿರಲಿಲ್ಲ, ಅತ್ತೆಯ ಸ್ವಭಾವದಲ್ಲೇ ಇತ್ತು.

ಮೊದಲ ದಿನ ಗೋಡೆ ರಕ್ತದ ಕೆಂಪಾಯಿತು. ಮೂರೂ ಊರಿನ ಗೌರಮ್ಮಂದಿರು ಬಿದ್ದು ಬಿದ್ದು ಬಂದರು. ಯಜಮಾನರು ಎದೆ ಹಿಡಿದುಕೊಂಡು ಕೂತರು. ನಾನೂ ನಾಗವೇಣಿಯೂ ಕೈ ಕೈ ಹಿಡಿದು ಕುಣಿದೆವು. ಕೆಂಪಣ್ಣನಿಗೆ ಕಂಡದ್ದು ಕೊನೆಗೂ ನಮಗೆ ಕಂಡಿತ್ತು! ಮುಂದಿನ ಹದಿನೈದು ದಿನ ನಾಗವೇಣಿ ಒಂದೊಂದೇ ಸರಿಮಾಡಿದಳು. ಒಟಿಪಿ ನೋಡಲು ಹೋದವರಿಗೆ ಪುಟ ಅಲ್ಲೇ ಕಾದು ನಿಲ್ಲುವಂತಾಯಿತು. ಒಮ್ಮೆ ಹೆಸರು ಹೇಳಿದವರನ್ನು ಸೈಟು ಎರಡು ಗಂಟೆ ಮರೆಯದಂತಾಯಿತು. “ಒಂಬತ್ತಕ್ಕೇ ತೆರೆದ್ರೆ ಆಗಲ್ವಾ?” ಎಂದು ಯಜಮಾನರು ಕೇಳಿದರು. “ಬೇಡ ಸರ್, ಎಂಟಕ್ಕೇ ಬರ್ಲಿ, ಕೂತು ಆರಿಸ್ಲಿ. ಒಂಬತ್ತಕ್ಕೆ ಒಂದೇ ಒಂದು ಬಟನ್ ಒತ್ತೋದಷ್ಟೇ ಉಳೀಲಿ” ಎಂದಳು. ಕೊನೆಯ ಪರೀಕ್ಷೆಗೆ ಇನ್ನೂರು ಗೌರಮ್ಮಂದಿರನ್ನು ಒಟ್ಟಿಗೆ ಹುಟ್ಟಿಸಿ, ಒಂದೇ ಕ್ಷಣಕ್ಕೆ ಬಟನ್ನು ಒತ್ತಿಸಿದಳು. ಇನ್ನೂರು ಅತ್ತೆಯಂದಿರು! ನಾನು ಕಣ್ಣು ಮುಚ್ಚಿಕೊಂಡಿದ್ದೆ. ಸೈಟು ಬೀಳದೆ ನಿಂತಿತು.

ಮಾಘದ ಸೋಮವಾರ ಬಂತು. ಏಳೂಮುಕ್ಕಾಲಿಗೆ ನಾವು ಮೂವರೂ ಟಿವಿಯ ಮುಂದೆ. ರಿಜಿಸ್ಟರು ನನ್ನ ಮೇಜಿನ ಮೇಲೆ, ಅದರ ಮೇಲೊಂದು ಹೊಸ ಪೆನ್ನು. ಎಂಟಕ್ಕೆ ತೆರೆಯಿತು. ಜನ ಬರತೊಡಗಿದರು, ಆರಿಸತೊಡಗಿದರು, ಬಂದು ಕೊನೆಯ ಬಟನ್ನಿನಲ್ಲಿ ನಿಂತರು. ಎಲ್ಲ ಹಸಿರು. ಎಂಟೂ ಇಪ್ಪತ್ತೈದಕ್ಕೆ ಕುಣಿಗಲ್ಲಿನ ಗೌರಮ್ಮ ಹಳದಿಯಾದಳು. ಆಮೇಲೆ ಕೆಂಪಾದಳು.

“ಒಂದೇ ಛತ್ರದಲ್ಲಿ ನಿಂತಿದಾಳೆ ಅಕ್ಕಾ. ಊಟದ ಹಾಲಿನ ಫೋಟೋ ತೆರೀತಾ ಇಲ್ಲ” ಎಂದಳು ನಾಗವೇಣಿ. ನೋಡಿದರೆ ಕುಣಿಗಲ್ಲಿನ ಆ ಛತ್ರದವರು ಹೊಸ ಕ್ಯಾಮೆರಾ ಕೊಂಡ ಉಮೇದಿನಲ್ಲಿ ಹಿಂದಿನ ಸಂಜೆ ಅರವತ್ತು ಫೋಟೋ ಏರಿಸಿದ್ದರು. ಒಂದೊಂದೂ ಗೋಡೆಯಷ್ಟು ದೊಡ್ಡದು. ಅದರಲ್ಲಿ ನಲವತ್ತರಲ್ಲಿ ಛತ್ರವೇ ಕಾಣುತ್ತಿರಲಿಲ್ಲ, ಅವರ ಮನೆಯವರೇ ಸಾಲಾಗಿ ನಿಂತಿದ್ದರು. ಕಡಿಮೆ ಸಿಗ್ನಲ್ಲಿನ ಮೊಬೈಲಿಗೆ ಅಷ್ಟು ಮಂದಿಯನ್ನು ಎಳೆದು ತರಲು ಆಗುತ್ತಿರಲಿಲ್ಲ. ಟೆಸ್ಟಪ್ಪನಾಗಿದ್ದರೆ ಊಟದ ಹಾಲಿಗೆ ಕಾಲೇ ಇಡುತ್ತಿರಲಿಲ್ಲ. ನಾಗವೇಣಿ ಮನೆಯವರನ್ನೆಲ್ಲ ಹೊರಗೆ ಕಳಿಸಿ, ಉಳಿದ ಫೋಟೋಗಳನ್ನು ಸಣ್ಣದು ಮಾಡಿದಳು. ಎಂಟೂ ಐವತ್ತಕ್ಕೆ ಕುಣಿಗಲ್ಲಿನ ಗೌರಮ್ಮ ಹಸಿರಾಗಿ ಎದ್ದು ಕೂತಳು. ಒಬ್ಬ ಗಿರಾಕಿಯೂ ಇನ್ನೂ ಫೋನು ಮಾಡಿರಲಿಲ್ಲ.

ಒಂಬತ್ತಾಯಿತು. ಮೂರು ತಾಲ್ಲೂಕಿನ ರಾಹುಕಾಲ ಒಂದೇ ಸಲಕ್ಕೆ ಕಳೆಯಿತು. ಟಿವಿಯ ಮೇಲೆ ಅಂಕಿಗಳು ಓಡಿದವು. ನಾಗವೇಣಿ ಎರಡೂ ಕೈಯ ಉಗುರು ಬಾಯಿಗಿಟ್ಟಿದ್ದಳು. ಯಜಮಾನರು ಶಿವ ಶಿವಾ ಎನ್ನುತ್ತಿದ್ದರು. ಹಸಿರು, ಹಸಿರು, ಹಸಿರು. ಒಂಬತ್ತೂ ಏಳಕ್ಕೆ ಮಾಘದ ಒಳ್ಳೆಯ ದಿನಗಳೆಲ್ಲ ಮುಗಿದು, ಒಂದು ಛತ್ರಕ್ಕೆ ಒಂದೇ ದಿಬ್ಬಣದಂತೆ ಹಂಚಿಹೋಗಿದ್ದವು. ಆಗ ಮೊದಲ ಫೋನು ಹೊಡೆದುಕೊಂಡಿತು. ನಾನೇ ಎತ್ತಿದೆ.

“ಅವ್ವಾ, ನಾನು ಕೆಂಪಣ್ಣ, ಏರಿ ಮ್ಯಾಲಿಂದ. ಒತ್ತುದೆ, ಆಗೋಯ್ತು! ಅದು ನೀನ್ಯಾರು ಅಂತ ಕೇಳ್ಲೇ ಇಲ್ಲ ಕಣವ್ವ. ಮದ್ವೆಗ್ ಬರ್ಬೇಕು ನೀನು!” ಎಂದರು. ನಾನು ಅಳಬಾರದೆಂದು ನಗಲು ಹೋಗಿ ಎರಡನ್ನೂ ಒಟ್ಟಿಗೆ ಮಾಡಿದೆ. ಯಜಮಾನರು ರಿಜಿಸ್ಟರನ್ನು ಎತ್ತಿ ಹಲಗೆಯ ಮೇಲಿಟ್ಟು, ಅದರ ಕೆಂಪು ಬಟ್ಟೆಯನ್ನು ಬಿಚ್ಚಿ, ಅದರಿಂದಲೇ ಟಿವಿ ಒರೆಸಿದರು. ಅದಕ್ಕಿಂತ ದೊಡ್ಡ ಬಿರುದು ನನಗೆ ಬೇಕಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬಚಾವಾಗುತ್ತಿದ್ದೆ. ಯಜಮಾನರಿಗೆ ಸಂತೋಷವಾದರೆ ಯಾರಿಗಾದರೂ ಶಾಲು ಹೊದಿಸಲೇಬೇಕು. “ಆ ಗೌರಮ್ಮನೋರನ್ನ ಕರೆಸು” ಎಂದರು. ನಾನು ಎಷ್ಟು ಬೇಡವೆಂದರೂ ಕೇಳಲಿಲ್ಲ, ಕಾರು ಕಳಿಸಿದರು. ಅತ್ತೆ ರೇಷ್ಮೆ ಸೀರೆಯುಟ್ಟು ಮೆಟ್ಟಿಲು ಹತ್ತಿ ಬಂದು, ಶಾಲು ಹೊದಿಸಿಕೊಂಡು, ಹಣ್ಣಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತರು. ಆಮೇಲೆ ಕನ್ನಡಕ ಏರಿಸಿ ಗೋಡೆ ನೋಡಿದರು. ಮೂರು ಸಾಲಿನಲ್ಲಿ ಅವರದೇ ಹೆಸರು.

“ನಿಮ್ಮ ಹೆಸರಲ್ಲಿ ಹತ್ತು ನಿಮಿಷಕ್ಕೊಂದ್ಸಲ ಹೋಗಿ, ಎಲ್ಲಾ ನೆಟ್ಟಗಿದ್ಯಾ ಅಂತ ನೋಡ್ಕೊಂಡು ಬರುತ್ತೆ ತಾಯಿ” ಎಂದರು ಯಜಮಾನರು. “ಬರೀ ಬುಕ್ ಮಾಡ್ದಂಗೆ ನಾಟಕ ಆಡುತ್ತೆ. ಛತ್ರ ಬೇಕು ಅಂತಲ್ಲ.”

ನಾನು ನೆಲ ನೋಡುತ್ತಿದ್ದೆ. ಅತ್ತೆ ಹಣ್ಣಿನ ಬುಟ್ಟಿಯನ್ನು ಸರಿಮಾಡಿಕೊಂಡು, “ಇದೇನ್ ಹೊಸದು? ಇಪ್ಪತ್ತೊಂದ್ ವರ್ಷದಿಂದ ದಿನಾ ಏಳ್ ಗಂಟೆಗೆ ತಿಂಡಿ ಏನೇ ಅಂತ ಫೋನ್ ಮಾಡ್ತಿದೀನಲ್ಲ, ಇವ್ಳ ಉಪ್ಪಿಟ್ಟು ನಂಗೆ ಬೇಕಾಗಿತ್ತಾ?” ಎಂದರು. ನನ್ನ ಕಡೆ ತಿರುಗಿ, “ದನಿ ಕೇಳುದ್ರೆ ಗೊತ್ತಾಯ್ತದೆ ಕಣೇ. ಅವತ್ತು ದೋಸೆ ಅಂದ್ಯಲ್ಲ, ದೋಸೆ ಹುಯ್ಯೋಳ ದನಿ ಹಂಗಿರಲ್ಲ” ಎಂದರು.

ನಾಗವೇಣಿ ನನ್ನ ಪಕ್ಕಕ್ಕೆ ಬಂದು, “ಅಕ್ಕಾ, ನಿಮ್ಮನ್ನ ಇವ್ರು ಮುಂಚಿಂದಾನೂ ಟೆಸ್ಟ್ ಮಾಡ್ತಿದಾರೆ” ಎಂದು ಮೆಲ್ಲಗೆ ಹೇಳಿದಳು.

ಮಾರನೆಯ ಬೆಳಗ್ಗೆ ಆರೂಮುಕ್ಕಾಲಿಗೇ ನಾನು ಬಿಸಿ ಬಿಸಿ ದೋಸೆ ಹುಯ್ದು, ಚಟ್ನಿ ರುಬ್ಬಿ, ಫೋನಿನ ಮುಂದೆ ನಿಂತೆ. ಇಪ್ಪತ್ತೊಂದು ವರ್ಷ ಹಲ್ಲು ಕಡಿದದ್ದಕ್ಕೆ ಒಂದು ದಿನವಾದರೂ ಸರಿಯಾಗಿ ಉತ್ತರ ಕೊಡಬೇಕೆಂಬ ಆಸೆ. ಏಳಕ್ಕೆ ಸರಿಯಾಗಿ ಹೊಡೆದುಕೊಂಡಿತು. ಮೊದಲ ರಿಂಗು ಮುಗಿಯುವ ಮುಂಚೆಯೇ ಎತ್ತಿ, ಎಷ್ಟು ಅಕ್ಕರೆ ತುಂಬಬಹುದೋ ಅಷ್ಟೂ ತುಂಬಿ, “ಅತ್ತೆ, ದೋಸೆ ಮಾಡಿದೀನಿ, ಈರುಳ್ಳಿ ಹಾಕಿ. ನೀವು ಹೇಗಿದೀರಾ? ಮಂಡಿ ನೋವು ಹೇಗಿದೆ?” ಎಂದೆ.

“ಸರಿ, ಇಡ್ತೀನಿ” ಎಂದರು.

ಒಂಬತ್ತೂವರೆಗೆ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಎಲ್ಲಿ, ಹಣೆ ಮುಟ್ಟಿ ನೋಡ್ತೀನಿ, ಬಾ ಇಲ್ಲಿ” ಎಂದರು.